ಅಜರಾಯ ಮಾವನ ನೈರುತ್ಯ ಗೋಡೆ

ಅಜರಾಯ ಡರ್ನ್‌ಫರ್ಡ್ ಕಟ್ಟಿದ ದೋಣಿ ಸೋರಿತು ಅಂದವನು ಸಣ್ಣ ಕೊಲ್ಲಿಯ ದಡದ ನಮ್ಮ ಊರು ಟಿಂಕರ್ ಕೋವಿನಲ್ಲಿ ಇನ್ನೂ ಹುಟ್ಟಬೇಕು. ನೀರು ಕಂಡದ್ದು ಅವನ ಮನೆಯೊಳಗೆ ಮಾತ್ರ.

ನ್ಯೂಫೌಂಡ್‌ಲ್ಯಾಂಡಿನ ಈ ದಕ್ಷಿಣ ದಂಡೆಯಲ್ಲಿ ಕಾಡ್ ಎಂಬ ಸಮುದ್ರ ಮೀನಿನ ಬೆನ್ನು ಹತ್ತಿದವರು ಬಹುಪಾಲು ಅವನ ಕೈಯ ದೋಣಿಯಲ್ಲೇ ಹೋದವರು, ಅವನ ಕೈಯ ದೋಣಿಯಲ್ಲೇ ತಿರುಗಿ ಬಂದವರು. ದೋಣಿ ಕಟ್ಟಲು ಅವನಿಗೆ ನಕ್ಷೆ ಬೇಡ. ಕಾಡಿಗೆ ಹೋಗಿ, ಬೇರಿನ ಹತ್ತಿರ ಬಾಗಿ ನಿಂತ ಮರವನ್ನು ಕಂಡರೆ ಸಾಕು, ಅದರೊಳಗೆ ಮಲಗಿದ್ದ ದೋಣಿಯ ಪಕ್ಕೆಲುಬು ಅವನಿಗೆ ಕಾಣುತ್ತಿತ್ತು. ಬಾಯಿ ತುಂಬ ತಾಮ್ರದ ಮೊಳೆ ಇಟ್ಟುಕೊಂಡೇ ಮಾತಾಡುತ್ತಿದ್ದ. ಮೊಳೆ ತೆಗೆದು ಮಾತಾಡಿದರೆ ಜಗಳಕ್ಕೆ ಬಂದಿದ್ದಾನೆ ಎಂದು ತಿಳಿಯಬೇಕು.

ಅವನ ಕಣ್ಣಿಗೆ ಲೋಕವೆಲ್ಲ ದೋಣಿ. ಚರ್ಚಿನ ಸೂರು ಕವುಚಿಟ್ಟ ದೋಣಿ, ಹೆಣದ ಪೆಟ್ಟಿಗೆ ಹುಟ್ಟಿಲ್ಲದ ದೋಣಿ. ನನ್ನ ದೊಡ್ಡ ಮಗಳು ಹುಟ್ಟಿದಾಗ ಪ್ರೀತಿಯಿಂದ ತೊಟ್ಟಿಲು ಮಾಡಿಕೊಟ್ಟ. ಸಂದುಸಂದಿಗೂ ಸಣಬಿನ ನಾರು ತುರುಕಿ, ಡಾಂಬರು ಎಳೆದು, ಹೆಗಲ ಮೇಲೆ ಹೊತ್ತು ತಂದು ಇಳಿಸಿದ. ಒಂದು ಹನಿ ಒಳಗೆ ಹೋಗುವಂತಿರಲಿಲ್ಲ. ಒಂದು ಹನಿ ಹೊರಗೆ ಬರುವಂತೆಯೂ ಇರಲಿಲ್ಲ. ಕೂಸು ಬೆಳಗ್ಗೆ ಏಳುವ ಹೊತ್ತಿಗೆ ತನ್ನ ಕೆರೆಯಲ್ಲಿ ತಾನೇ ತೇಲುತ್ತಿತ್ತು. ನನ್ನ ಹೆಂಡತಿ ಬೈರಿಗೆ ಹಿಡಿದು ತೊಟ್ಟಿಲ ತಳಕ್ಕೆ ತೂತು ಹಾಕಿದಳು. ಅಜರಾಯ ಮಾವ, ಊರಿಗೆಲ್ಲ ಅವನು ಮಾವನೇ, ಅದನ್ನು ನೋಡಿ ಒಂದು ವಾರ ನಮ್ಮ ಮನೆಯ ಚಹಾ ಕುಡಿಯಲಿಲ್ಲ.

ಇಂಥವನ ಕೈಗೆ ಮನೆಯ ಗೋಡೆ ಸಿಕ್ಕರೆ ಬಿಟ್ಟಾನೆಯೇ?

ಮನೆ ಅವನ ಅಪ್ಪ ಕಟ್ಟಿದ್ದು. ಹಳೆಯವರ ಕ್ರಮದಂತೆ ಗೋಡೆಯ ಮರದ ಮೇಲೆ ಭೂರ್ಜ ಮರದ ತೊಗಟೆಯನ್ನು ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು ಹೊದಿಸಿ, ಅದರ ಮೇಲೆ ಹೊರಹಲಗೆ ಹೊಡೆದಿದ್ದ. ಹಲಗೆ ದಾಟಿ ಬಂದ ಮಳೆನೀರು ತೊಗಟೆಯ ಮೇಲೆ ಜಾರಿ ಕೆಳಗೆ ಹೋಗುತ್ತಿತ್ತು. ಅಪ್ಪ ಇರುವವರೆಗೆ ಮಗ ಸುಮ್ಮನಿದ್ದ. ಅಪ್ಪ ಹೋದ ಮೇಲೆ, ಸಮುದ್ರಕ್ಕೆ ಎದೆಕೊಟ್ಟು ನಿಂತ ನೈರುತ್ಯದ ಗೋಡೆಯನ್ನು ಬಿಚ್ಚಿ, "ಮರದ ಸಿಪ್ಪೆ ನಂಬ್ಕೊಂಡು ಮಲಗೋಕೆ ನಾನೇನು ಮೊಲವಾ?" ಎಂದು ತೊಗಟೆಯನ್ನು ಒಲೆಗೆ ಹಾಕಿದ. ಹಲಗೆಗಳ ನಡುವೆ ನಾರು ಬಡಿದು, ಮೇಲೆ ಡಾಂಬರು ಬಳಿದು, ಅದರ ಮೇಲೆ ಬಣ್ಣ ಹಚ್ಚಿದ. ಅಂದಿನಿಂದ ಆ ಗೋಡೆ ಅಳಲು ಹಿಡಿಯಿತು.

ಆ ಗೋಡೆಯ ಒಳಬದಿಗೇ ಗಂಡ ಹೆಂಡಿರ ಮಂಚ. ಚಳಿ ಬಂತೆಂದರೆ ಗೋಡೆಕಾಗದ ಉಬ್ಬಿ ಸಿಪ್ಪೆಸುಲಿಯುತ್ತಿತ್ತು, ಮೂಲೆಯಲ್ಲಿ ಕಪ್ಪು ಬೂಷ್ಟು ಹಬ್ಬುತ್ತಿತ್ತು, ಹಾಸಿಗೆ ಮುಟ್ಟಿದರೆ ಮಂಜು ಮುಟ್ಟಿದಂತಾಗುತ್ತಿತ್ತು. ಅವನ ಹೆಂಡತಿ ಟ್ರಿಫೀನಾ ಅತ್ತೆಗೆ ಎದೆ ಕಟ್ಟಿ ಕೆಮ್ಮು ಹತ್ತಿತು. ಎಳೆಯ ವಯಸ್ಸಿನಲ್ಲಿ ಮೀನು ಸೀಳುವ ಮೇಜಿನ ಮುಂದೆ ನಿಂತು ಎರಡು ಗಂಡಾಳಿನ ಕೆಲಸ ಮಾಡಿದ ಹೆಂಗಸು. ಈಗ ಬಾವಿಯಿಂದ ನೀರು ತರುವಾಗ ನಡುದಾರಿಯಲ್ಲಿ ಬಕೆಟ್ಟು ಇಳಿಸಿ ನಿಲ್ಲುವಂತಾದಳು. ಮಾವ ಪ್ರತಿ ಬೇಸಿಗೆ ಇನ್ನಷ್ಟು ಡಾಂಬರು ಬಳಿದ. ಪ್ರತಿ ಚಳಿಗಾಲ ಗೋಡೆ ಇನ್ನಷ್ಟು ಅತ್ತಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ನಾಲ್ಕನೆಯ ಕಾಲು ತೋರಿಸಿದರೆ ಅದನ್ನು ಬಾಲ ಎನ್ನುತ್ತಾನೆ.

ಕೊನೆಗೆ ಒಂದು ಆಗಸ್ಟ್‌ನಲ್ಲಿ ಅತ್ತೆ ಗೋಡೆಗೆ ಒರಗಿಸಿದ್ದ ಪೊರಕೆ ಹಲಗೆಯೊಳಗೇ ಹೂತುಹೋಯಿತು. ನಾನು ಆ ಹೊತ್ತಿಗೆ ಅವರ ಅಡುಗೆಮನೆಯಲ್ಲಿದ್ದೆ. ಅವಳು ಪೊರಕೆ ಎಳೆದುಕೊಂಡು ಒಳಗೆ ಬಂದು, ಚಹಾದ ಮುಂದೆ ಕುಳಿತ ಗಂಡನಿಗೆ ಮೆಲ್ಲಗೆ ಹೇಳಿದಳು.

"ಅಜರಾಯ, ಗೋಡೆ ಬಿಚ್ಚಿ ಹೊಸದಾಗಿ ಮಾಡು. ನಿನ್ನಿಷ್ಟ ಬಂದ ಹಾಗೆ ಮಾಡು. ಆದ್ರೆ ಈ ಚಳಿಗಾಲ ಅದು ಮತ್ತೆ ಅತ್ರೆ, ಅದರ ಜೊತೆ ಕೂತು ನಾನು ಕೆಮ್ಮಲ್ಲ. ಹಡಗು ಹತ್ತಿ ಲವೀನಿಯಾ ಮನೆಗೆ ಹೋಗ್ತೀನಿ."

ಲವೀನಿಯಾ ಅವಳ ತಂಗಿ. ಎರಡು ಕೊಲ್ಲಿಯಾಚೆ ಇದ್ದಳು.

"ಎಷ್ಟು ದಿನಕ್ಕೆ?" ಎಂದ ಮಾವ.

"ಬೇಸಿಗೆ ಬಂದಾಗ ನೋಡೋಣ."

"ಬರ್ತೀಯ ತಾನೆ?"

"ನನ್ನ ಎದೇನ ಕೇಳು. ಅದು ಹೇಳಿದ ಹಾಗೆ."

ಮಾವ ಎದ್ದು ದೋಣಿಕೊಟ್ಟಿಗೆಗೆ ಹೋದ. ನಾನು ಹಿಂದೆಯೇ ಹೋಗಿ ನೋಡಿದರೆ ಒಂದು ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ. ಹಲಗೆ ನಯವಾಗಿಯೇ ಇತ್ತು. ಅವನು ಉಜ್ಜುತ್ತಲೇ ಇದ್ದ, ಹಲಗೆ ತೆಳ್ಳಗಾಗಿ, ಇನ್ನು ಯಾವ ದೋಣಿಗೂ ಬಾರದಂತಾಗುವ ತನಕ. ಮದುವೆಯಾದಂದಿನಿಂದ ಟ್ರಿಫೀನಾ ಇಲ್ಲದ ಮನೆಯಲ್ಲಿ ಅವನು ಒಂದು ಚಳಿಗಾಲವನ್ನೂ ಕಳೆದವನಲ್ಲ.

ಮರುದಿನ ಮಾವನೂ ನಾನೂ ಗಾರ್ಲ್ಯಾಂಡ್‌ನ ಅಂಗಡಿಗೆ ಹೋದೆವು. ಗಾರ್ಲ್ಯಾಂಡ್ ಕರಾವಳಿ ಹಡಗಿನಲ್ಲಿ ಬಂದದ್ದನ್ನೆಲ್ಲ ಮಾರುವ ಹುರುಪಿನ ಆಳು, ಮಾತಿನ ಮಲ್ಲ. ಗೋಡೆಗೆ ಹೊದಿಸಲು ಅವನಲ್ಲಿ ಮೂರು ಬಗೆಯ ಸುರುಳಿಗಳಿದ್ದವು. ಒಂದು ಕರಿಯ ಡಾಂಬರು ಕಾಗದ. ಇನ್ನೊಂದು ಆ ವರ್ಷವಷ್ಟೇ ಬಂದ ಬಿಳಿಯ ಹಾಳೆ, ಬಟ್ಟೆಯೂ ಅಲ್ಲ ಕಾಗದವೂ ಅಲ್ಲ. ಮತ್ತೊಂದು ದಪ್ಪ ಪ್ಲಾಸ್ಟಿಕ್, ಆಚೆ ನಿಂತವನ ಮುಖ ಕಾಣುವಂಥದ್ದು.

ಮಾವ ಡಾಂಬರು ಕಾಗದದ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದ. "ಕಾಗದದ ದೋಣಿ ಮಕ್ಕಳು ಮಾಡ್ತಾವೆ."

"ಹಾಗಾದ್ರೆ ಈ ಬಿಳೀದು ತಗೋ ಮಾವ. ಹೊಸ ಮಾಲು. ಹೊರಗಿನ ಮಳೆ ಬಿಡಲ್ಲ, ಒಳಗಿನ ಹಬೆ ಹೋಗ್ಬಿಡುತ್ತೆ. ಉಸಿರಾಡುತ್ತೆ ಅಂತಾರೆ."

"ಮನೇಲಿ ಉಸಿರಾಡೋಕೆ ನಾವಿಬ್ರು ಇದ್ದೀವಿ. ಗೋಡೇನೂ ಯಾಕೆ ಆಡ್ಬೇಕು?"

"ಇಬ್ರಲ್ಲಿ ಒಬ್ಬರಿಗೆ ಆಗ್ತಿಲ್ವಂತಲ್ಲ," ಎಂದ ಗಾರ್ಲ್ಯಾಂಡ್. ಅಂದ ಮೇಲೆ ತನ್ನ ನಾಲಿಗೆಯನ್ನು ತಾನೇ ಕಚ್ಚಿಕೊಂಡು ತಕ್ಕಡಿ ಒರೆಸತೊಡಗಿದ.

ಮಾವ ಬಾಯಿಂದ ಮೊಳೆ ತೆಗೆದ. "ಆ ಪ್ಲಾಸ್ಟಿಕ್ಕು ನೀರು ಬಿಡುತ್ತಾ?"

"ಇಲ್ಲ."

"ಗಾಳಿ?"

"ಇಲ್ಲ. ಆದ್ರೆ ಮಾವ, ಅದು ಗೋಡೆ ಹೊರಗಡೆಗೆ ಬಂದ ಮಾಲಲ್ಲ—"

"ಕಟ್ಟು."

ದಾರಿಯಲ್ಲಿ ಸುರುಳಿ ಹೊತ್ತು ಬರುವಾಗ ನಾನು ಒಂದು ಮಾತು ಆಡಿದೆ. "ಮಾವ, ದೋಣೀಲಿ ಯಾರೂ ಒಲೆ ಹಚ್ಚಿ ಸಂಸಾರ ಮಾಡಲ್ವಲ್ಲ?"

"ಕೇಲೆಬ್, ನೀನು ಒಳ್ಳೆ ಬಲೆ ಹೆಣೀತೀಯ. ಹೆಣಿ," ಎಂದ. ನಾನು ಹೊತ್ತು ನಡೆದೆ.

ಗೋಡೆ ಬಿಚ್ಚುವುದು ನಮ್ಮಲ್ಲಿ ಒಬ್ಬರ ಕೆಲಸವಲ್ಲ. ಒಂದು ಮನೆಯ ಸುತ್ತಿಗೆ ಸದ್ದು ಕೇಳಿದರೆ ಕೋವಿನ ಗಂಡಸರೆಲ್ಲ ತಮ್ಮ ಸುತ್ತಿಗೆ ಹಿಡಿದು ಬರುತ್ತಾರೆ. ಕರೆಯುವುದೂ ಇಲ್ಲ, ಕೂಲಿಯೂ ಇಲ್ಲ, ಮುಯ್ಯಾಳಿನ ಲೆಕ್ಕ. ಮನೆಯವಳು ದೊಡ್ಡ ಪಾತ್ರೆ ಒಲೆಗೇರಿಸಿದರೆ ಆಯಿತು. ಸೆಪ್ಟೆಂಬರಿನ ಒಂದು ಶನಿವಾರ, ಮೋಡವಿಲ್ಲದ ಬೆಳಗ್ಗೆ, ಹಲಗೆ ಕೀಳಲು ಕೈಹಾಕಿದೆವು.

ಮೊದಲ ಹಲಗೆ ಕಿತ್ತವನು ನಾನೇ. ಹೊರಮೈ ಬಣ್ಣ ಡಾಂಬರುಗಳಿಂದ ಕಲ್ಲಿನಂತೆ ಕಾಣುತ್ತಿತ್ತು. ತಿರುಗಿಸಿದರೆ ಒಳಮೈ ಹಾಲಲ್ಲಿ ನೆನೆದ ಬ್ರೆಡ್ಡು. ಹೆಬ್ಬೆರಳು ಒತ್ತಿದರೆ ನೀರು ಬಂತು. ಮಳೆ ಬಿದ್ದು ಎಷ್ಟೋ ದಿನವಾಗಿತ್ತು.

"ಮಾವ, ಇದು ಒಳಗಿಂದ ಕೊಳೆತಿದೆ ಅಲ್ವಾ?"

"ಹೊರಗಿಂದ ಬಂದ ನೀರು ಒಳಗೆ ಕೂತಿದೆ. ಕಳ್ಳ ಮನೆಯೊಳಗೆ ಸಿಕ್ಕ ಅಂದ್ರೆ ಅವನು ಮನೇಲೇ ಹುಟ್ಟಿದ ಅಂತೀಯಾ?"

ಗಂಡಸರು ನಕ್ಕರು. ಮಾತಿಗೆ ಮಾತು ಜೋಡಿಸುವುದರಲ್ಲಿಯೂ ಅವನ ಸಂದು ಬಿಗಿಯೇ.

ಆದರೆ ಕೆಲಸ ಬಾಗಿಲ ಪಕ್ಕದ ಮೂಲೆಗೆ ಬಂದಾಗ ಅಲ್ಲಿ ಅಪ್ಪನ ಕಾಲದ ಹೊದಿಕೆ ಹಾಗೆಯೇ ಇತ್ತು. ಹಿಂದೆ ಗೋಡೆ ಬಿಚ್ಚಿದಾಗ ಅಲ್ಲಿ ಸೌದೆ ರಾಶಿ ಅಡ್ಡವಿತ್ತೆಂದು ಮಾವ ಆ ಭಾಗ ಬಿಟ್ಟಿದ್ದನಂತೆ. ಭೂರ್ಜದ ತೊಗಟೆ ಮಗುವಿನ ಕೆನ್ನೆಯಂತೆ ನಸುಗೆಂಪಾಗಿ ಒಣಗಿ ಕುಳಿತಿತ್ತು. ಅದರ ಹಿಂದಿನ ಮರ ಬಡಿದರೆ ಠಣ್ ಎನ್ನುತ್ತಿತ್ತು. ಟ್ರಿಫೀನಾ ಅತ್ತೆ ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಕೈ ಒರೆಸುತ್ತ ಹೊರಗೆ ಬಂದು, ಒಂದು ತುಂಡು ತೊಗಟೆ ಎತ್ತಿ ಕೆನ್ನೆಗೆ ಒತ್ತಿ ನೋಡಿದಳು. ಆಮೇಲೆ ನನ್ನ ಹಲಗೆಯ ಒಳಮೈ ಮುಟ್ಟಿದಳು. ಗೋಡೆಗೆ ಒರಗಿಸಿದ್ದ ಪ್ಲಾಸ್ಟಿಕ್ ಸುರುಳಿಯನ್ನೂ ನೋಡಿದಳು.

"ಸರಿ ಅಜರಾಯ. ಇದನ್ನೇ ಹೊಡಿ. ಆದ್ರೆ ಮೊದಲು ನೀನು ತೊಟ್ಟು ತೋರಿಸು."

"ಪ್ಲಾಸ್ಟಿಕ್ಕನ್ನಾ?"

"ಬೇಡ, ನೀರು ಇಳೀದ ಹಾಗೆ ಸಮುದ್ರಕ್ಕೆ ತೊಟ್ಕೊಂಡು ಹೋಗೋ ನಿನ್ನ ಎಣ್ಣೆಬಟ್ಟೆ. ಅಂಗಿ, ಷರಾಯಿ, ಟೋಪಿ ಸಮೇತ, ಕುತ್ತಿಗೆವರೆಗೆ ಗುಂಡಿ ಹಾಕ್ಕೊಂಡು ನನ್ನ ಒಲೆ ಪಕ್ಕ ಕೂತು ಊಟ ಮಾಡು. ಊಟ ಆದ್ಮೇಲೆ ಒಂದಾಟ ಇಸ್ಪೀಟು. ಆಮೇಲೆ ಬಿಚ್ಚು. ಒಳಗಿನ ಉಣ್ಣೆ ಅಂಗಿ ಒಣಗಿದ್ರೆ ಈ ಹಾಳೆ ಹೊಡಿ, ನಾನು ತುಟಿ ಪಿಟಕ್ ಅನ್ನಲ್ಲ. ಒದ್ದೆ ಇದ್ರೆ, ಗೋಡೆಗೆ ಏನು ಹೊದಿಸ್ಬೇಕು ಅನ್ನೋದು ನನ್ನ ಮಾತು."

ಸುತ್ತಿಗೆಗಳೆಲ್ಲ ನಿಂತವು. ಮಾವ ಸುತ್ತ ನೋಡಿದ. ಬುದ್ಧಿ ಒಂದು ಕಡೆ ಎಳೆದರೂ ಇಷ್ಟು ಜನರ ಮುಂದೆ ಮೀಸೆ ಇನ್ನೊಂದು ಕಡೆ ಎಳೆಯುತ್ತದೆ.

"ಎಣ್ಣೆಬಟ್ಟೆ ನನಗೆ ಹೊಸದಾ, ಹುಡುಗಿ? ಮೈಮೇಲೆ ಬೆಳೆದ ಚರ್ಮ ಅದು."

"ಹಂಗಾದ್ರೆ ಕಷ್ಟ ಏನು? ಬಾ, ಊಟ ಆಗಿದೆ."

ಅಂದಿನ ಊಟವನ್ನು ಕೋವಿನವರು ಈಗಲೂ ನೆನೆಯುತ್ತಾರೆ. ಉಪ್ಪುಮಾಂಸ, ಎಲೆಕೋಸು, ಆಲೂಗಡ್ಡೆ, ಟರ್ನಿಪ್ಪು ಒಂದೇ ಪಾತ್ರೆಯಲ್ಲಿ ಕುದ್ದು, ಬಟ್ಟೆಯಲ್ಲಿ ಗಂಟು ಕಟ್ಟಿದ ಬಟಾಣಿ ಬೇಳೆ ಅದರೊಳಗೇ ಬೆಂದು, ಮುಚ್ಚಳ ತೆಗೆದರೆ ಎದುರಿನವನ ಮೂಗು ಕಾಣದಷ್ಟು ಹಬೆ. ಕೆಟಲ್ಲು ಒಲೆಯ ಮೇಲೆ ಕೊತಕೊತ. ಮೇಲಿನ ತಂತಿಯಲ್ಲಿ ಒಗೆದು ಹಾಕಿದ ಕೈಗವಸು, ಕಾಲುಚೀಲ. ಅದರ ನಡುವೆ ಅಜರಾಯ ಮಾವ ಹಳದಿ ಎಣ್ಣೆಬಟ್ಟೆಯಲ್ಲಿ, ಕಿವಿ ಮುಚ್ಚುವ ಟೋಪಿ ತೊಟ್ಟು, ಬಿರುಗಾಳಿಗೆ ಹೊರಟವನಂತೆ ಚಮಚ ಹಿಡಿದು ಕುಳಿತ.

"ಮಾವ, ಹವಾ ಹೆಂಗಿದೆ ಅಲ್ಲಿ?" ಎಂದ ಗಾರ್ಲ್ಯಾಂಡ್. ಅಂಗಡಿ ಮುಚ್ಚಿ ಅವನೂ ಬಂದಿದ್ದ.

"ತಿಳಿಯಾಗಿದೆ."

"ಅಲೆ ಗಿಲೆ?"

"ಬಾಯಿ ಮುಚ್ಚಿ ಕೋಸು ತಿನ್ನು."

ಅತ್ತೆ ಅವನ ತಟ್ಟೆಗೆ ಎರಡನೆಯ ಸಲ ಬಡಿಸಿದಳು. ಒಲೆಗೆ ಇನ್ನೊಂದು ಕೊರಡು ಹಾಕಿದಳು. ಅದು ಬೇಕಿರಲಿಲ್ಲ. ಆಮೇಲೆ ನೂರಿಪ್ಪತ್ತು ಅಂಕದ ಇಸ್ಪೀಟಾಟಕ್ಕೆ ಎಲೆ ಹಂಚಿದರು. ಮಾವನ ಮುಖ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿತು. ಮೂಗಿನ ತುದಿಯಿಂದ ಹನಿ ಬಿದ್ದು ಕೈಯಲ್ಲಿದ್ದ ರಾಜನ ಕಿರೀಟ ಒದ್ದೆಯಾಯಿತು. ಆದರೂ ಒಂದು ಗುಂಡಿ ಸಡಿಲಿಸಲಿಲ್ಲ. ಮತ್ತೆ ಮತ್ತೆ ತಪ್ಪು ಎಲೆ ಎಸೆದ. ಜೊತೆಗಾರನಾಗಿದ್ದ ನಾನು ಬೈಯದೆ ನನ್ನ ಎಲೆ ಎಸೆದೆ. ಆಟ ಎಲೆಗಳದ್ದಲ್ಲ ಎಂದು ಎಲ್ಲರಿಗೂ ತಿಳಿದಿತ್ತು.

ಆಟ ಮುಗಿಯಿತು. ಟ್ರಿಫೀನಾ ಅತ್ತೆ ಎದ್ದು ಬಂದು, ಮಗುವಿಗೆ ಬಿಚ್ಚುವ ಹಾಗೆ, ತಾನೇ ಗುಂಡಿ ಬಿಚ್ಚಿದಳು. ಎಣ್ಣೆಬಟ್ಟೆಯ ಹೊರಮೈಯ ಮೇಲೆ ಅಂಗೈ ಎಳೆದು ಎಲ್ಲರಿಗೂ ತೋರಿಸಿದಳು, ಒಣಗಿತ್ತು. ಒಳಗಿನ ಉಣ್ಣೆ ಅಂಗಿಯ ತೋಳನ್ನು ಹಿಂಡಿದಳು. ನೀರು ನೆಲಕ್ಕೆ ಇಳಿಯಿತು.

"ಹೊರಗೆ ಬಿಸಿಲು. ಈ ನೀರು ಎಲ್ಲಿಂದ ಬಂತು, ಅಜರಾಯ?"

"ಮನುಷ್ಯ ಬೆವರ್ತಾನೆ. ಗೋಡೆ ಬೆವರುತ್ತಾ?"

"ಗೋಡೆ ಬೆವರಲ್ಲ. ನಾನು ಬೆವರ್ತೀನಿ. ಕೆಟಲ್ಲು ಬೆವರುತ್ತೆ. ಆ ಪಾತ್ರೆ, ಆ ಕಾಲುಚೀಲ, ರಾತ್ರಿಯೆಲ್ಲ ಗೊರಕೆ ಹೊಡೆಯೋ ನೀನು, ಎಲ್ಲಾ ಬೆವರ್ತೀವಿ. ಅದೆಲ್ಲ ಹೋಗಿ ನೀನು ಬಿಗಿದ ಆ ಹಲಗೆ ಹಿಂದೆ ನಿಲ್ಲುತ್ತೆ. ದೋಣೀಲಿ ನೀರು ಹೊರಗಿರುತ್ತೆ, ಅದನ್ನ ತಡೀತೀಯ, ಸರಿ. ಮನೇಲಿ ನೀರು ಒಳಗೇ ಇದೆ. ಅದನ್ನ ಹೋಗೋಕೆ ಬಿಡ್ಬೇಕು."

ಮಾವ ತನ್ನ ಒದ್ದೆ ತೋಳನ್ನು ತಾನೇ ಇನ್ನೊಮ್ಮೆ ಹಿಂಡಿ ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿದ. ಇಷ್ಟು ಮಾತಾಡಿದ್ದಕ್ಕೇ ಅವಳಿಗೆ ಕೆಮ್ಮು ಬಂದಿತ್ತು; ಮೇಜಿನ ಅಂಚು ಹಿಡಿದು ನಿಂತಿದ್ದಳು. ಅವನು ಎದ್ದು ತನ್ನ ಕುರ್ಚಿಯನ್ನು ಅವಳ ಹಿಂದೆ ಸರಿಸಿದ.

"ಏನು ಹೊದಿಸ್ಲಿ, ಹೇಳು," ಎಂದ.

"ತೊಗಟೆ ಆಗಿದ್ರೆ ಚೆನ್ನಾಗಿತ್ತು."

"ಈಗ ಅದನ್ನ ಸುಲಿಯೋ ಕಾಲ ಅಲ್ಲ. ಮರದಲ್ಲಿ ರಸ ಏರಿದಾಗ್ಲೇ ಅದು ಬಿಡೋದು."

"ಹಾಗಾದ್ರೆ ಗಾರ್ಲ್ಯಾಂಡ್ ಹತ್ರ ಇರೋ ಮಿಕ್ಕ ಎರಡ್ರಲ್ಲಿ ಒಂದು."

ಗಾರ್ಲ್ಯಾಂಡ್ ಓಡಿಹೋಗಿ ಎರಡನ್ನೂ ತಂದ. ಮೊದಲು ತನ್ನ ಹೊಸ ಮಾಲನ್ನೇ ಹೊಡೆದು ತೋರಿಸುತ್ತೇನೆಂದು ಏಣಿ ಹತ್ತಿ, ಒಂದು ತುದಿ ಗೋಡೆಗೆ ಸಿಕ್ಕಿಸಿ ಬಿಳಿಹಾಳೆಯ ಸುರುಳಿ ಬಿಚ್ಚಿದ. ಮಧ್ಯಾಹ್ನದ ನೈರುತ್ಯ ಗಾಳಿ ಎದ್ದಿತ್ತು. ಹಾಳೆ ಹಾಯಿಯ ಹಾಗೆ ಉಬ್ಬಿತು. ಗಾರ್ಲ್ಯಾಂಡ್ ಬಿಡಲಿಲ್ಲ, ಗಾಳಿಯೂ ಬಿಡಲಿಲ್ಲ. ಏಣಿಯಿಂದ ಇಳಿದು ಆಲೂಗಡ್ಡೆ ಪಾತಿಯ ನಡುವೆ ಹಾಳೆಯ ಹಿಂದೆ ದಾಪುಗಾಲು ಹಾಕುತ್ತ ಬೇಲಿಯವರೆಗೆ ಹೋದ.

"ಹಾಯಿ ಇಳಿಸು, ಕಪ್ತಾನ," ಎಂದು ಮಾವ ಕೂಗಿದ. ಅಂದು ಅವನು ನಕ್ಕದ್ದು ಅದೇ ಮೊದಲು.

"ಮಾಲು ಕೆಟ್ಟದ್ದಲ್ಲ," ಎಂದು ಏದುಸಿರು ಬಿಡುತ್ತ ಗಾರ್ಲ್ಯಾಂಡ್ ತಿರುಗಿ ಬಂದ. "ಗಾಳಿ ಇಲ್ಲದ ದಿನ ಹೊಡೀಬೇಕು ಅಷ್ಟೆ."

"ಗಾಳಿ ಇಲ್ಲದ ದಿನ ಈ ಊರಿಗೆ ಯಾವತ್ತು ಬರುತ್ತೆ, ಮರಿ? ಬರೋವರೆಗೆ ನಾನು ತೆರೆದ ಗೋಡೇಲಿ ಮಲಗ್ಲಾ?" ಎಂದಳು ಅತ್ತೆ. ಡಾಂಬರು ಕಾಗದದ ಒಂದು ತುಂಡು ಹರಿದು, ಬಿಸಿ ಚಹಾದ ಮಗ್ಗಿನ ಮೇಲೆ ಮುಚ್ಚಿ, ಅದರ ಮೇಲೆ ತಣ್ಣಗಿನ ಗಾಜಿನ ಲೋಟ ಕವುಚಿಟ್ಟಳು. ಎಲ್ಲರೂ ಪಾದ್ರಿಯ ಮಾತಿಗೆ ಕಾದಂತೆ ಕಾದರು. ಕಾಗದ ದಾಟಿ ಬಂದ ಹಬೆಗೆ ಲೋಟದ ಒಳಮೈ ನಿಧಾನಕ್ಕೆ, ಬಹಳ ನಿಧಾನಕ್ಕೆ, ಮಸುಕಾಯಿತು. ಆಮೇಲೆ ಅದೇ ಕಾಗದದ ಮೇಲೆ ತಣ್ಣೀರು ಸುರಿದಳು. ನೀರು ಮೇಲೆಯೇ ಗುಂಡಾಗಿ ನಿಂತಿತು.

"ಇದು ಸಾಕು. ಭಾರ ಇದೆ, ಹೇಳಿದ ಮಾತು ಕೇಳುತ್ತೆ. ಈ ಮನೇಲಿ ಹಾಗಿರೋದು ಒಂದಾದ್ರೂ ಇರ್ಲಿ."

ಅಲ್ಲಿಂದ ಮುಂದೆ ಅಜರಾಯ ಮಾವನನ್ನು ಹಿಡಿಯುವವರಿರಲಿಲ್ಲ. ಏನು ಹೊದಿಸಬೇಕೆಂಬುದು ಅವಳ ಮಾತಾದರೆ, ಹೇಗೆ ಹೊದಿಸಬೇಕೆಂಬುದು ಅವನ ಕೈ. ಕೆಳಗಿನ ಸಾಲು ಮೊದಲು. ಅದರ ಮೇಲಂಚನ್ನು ಮೇಲಿನ ಸಾಲು ಮುಚ್ಚಬೇಕು, ದೋಣಿಯ ಹಲಗೆ ಹಲಗೆಯನ್ನು ಮುಚ್ಚುವ ಹಾಗೆ. ನೆಟ್ಟಗೆ ನಿಂತ ಸಂದಿನ ಬಾಯಿ ಗಾಳಿಗೆ ಬೆನ್ನು ಮಾಡಿರಬೇಕು. ಕಿಟಕಿಯ ಕೆಳಗೆ ಮೊದಲು, ಪಕ್ಕಕ್ಕೆ ಆಮೇಲೆ, ಮೇಲೆ ಕೊನೆಗೆ. ಒಬ್ಬ ಪಕ್ಕದ ಮನೆಯವನು ಮೇಲಿನ ಸಾಲನ್ನು ಕೆಳಗಿನದರ ಒಳಗೆ ತೂರಿಸಿದ್ದಕ್ಕೆ, "ನೀರಿಗೆ ಜೇಬು ಹೊಲೀತಿದ್ದೀಯಾ?" ಎಂದು ಸುತ್ತಿಗೆ ಕಸಿದುಕೊಂಡ.

ಹೊರಹಲಗೆ ಹೊಡೆಯುವಾಗ ಮಾತ್ರ ಅವನ ಕಷ್ಟ ನೋಡಬೇಕಿತ್ತು. ಎರಡು ಹಲಗೆ ಕೂಡಿದ ಕಡೆಯೆಲ್ಲ ಅವನ ಎಡಗೈ ತಾನಾಗಿ ನಾರಿನ ಚೀಲಕ್ಕೆ ಹೋಗುತ್ತಿತ್ತು. ಚೀಲ ಸೊಂಟದಲ್ಲಿರಲಿಲ್ಲ, ಬೆಳಗ್ಗೆಯೇ ಅತ್ತೆ ಎತ್ತಿಟ್ಟಿದ್ದಳು. ಬೆರಳು ಖಾಲಿ ಸೊಂಟ ತಡಕಿ, ಒಂದು ಗಳಿಗೆ ನಿಂತು, ಮೊಳೆಗೆ ಬರುತ್ತಿತ್ತು. ಬಿರುಕನ್ನು ಬಿರುಕಾಗಿಯೇ ಬಿಟ್ಟು ಮುಂದಕ್ಕೆ ಸರಿಯುವುದು ಅವನಿಗೆ ಹಲ್ಲು ಕಿತ್ತ ನೋವು. ಆದರೂ ಬಿಟ್ಟ.

ಆ ಚಳಿಗಾಲ ಕಟುವಾಗಿತ್ತು. ಮಳೆ ಅಡ್ಡಡ್ಡ ಬಂತು, ಅದರ ಮೇಲೆ ಹಿಮ, ಹಿಮದ ಮೇಲೆ ಮತ್ತೆ ಮಳೆ. ನಾನು ಬೆಳಗ್ಗೆ ಅವರ ಮನೆಗೆ ಹೋದಾಗಲೆಲ್ಲ ಮಾವ ಮಲಗುವ ಕೋಣೆಯಿಂದ ಹೊರಬರುತ್ತಿದ್ದ. ಒಮ್ಮೆ ಬಾಗಿಲ ಸಂದಿಯಿಂದ ಕಂಡೆ: ಜ್ವರ ನೋಡುವವನಂತೆ ಗೋಡೆಗೆ ಅಂಗೈ ಇಟ್ಟು ನಿಂತಿದ್ದ. ಮೇಲೆ ಇಟ್ಟ, ಕೆಳಗೆ ಇಟ್ಟ, ಮೂಲೆಯಲ್ಲಿ ಬಗ್ಗಿ ಇಟ್ಟ. ಆಮೇಲೆ ಹಾಸಿಗೆಯ ಅವಳ ಬದಿ ಮುಟ್ಟಿ ನೋಡಿದ.

ಫೆಬ್ರವರಿಯ ನಡುವೆ ಒಂದು ಬೆಳಗ್ಗೆ ನಾವು ಮೂವರೂ ಚಹಾ ಕುಡಿಯುತ್ತಿದ್ದೆವು. ಕರಾವಳಿ ಹಡಗಿನ ಸಿಳ್ಳು ಕೇಳಿಸಿತು. ಮಾವ ಮಗ್ಗಿನೊಳಕ್ಕೆ ನೋಡುತ್ತ ಅಂದ.

"ಹಡಗು ಬಂತು."

"ಕೇಳಿಸ್ತು," ಎಂದಳು ಅತ್ತೆ.

"ಲವೀನಿಯಾ ಊರಿಗೆ ಹೋಗುತ್ತೆ ಅದು."

"ಪ್ರತಿ ವಾರ ಹೋಗುತ್ತೆ."

"ಅಲ್ಲ, ಸುಮ್ನೆ ಹೇಳ್ದೆ."

"ನನ್ನನ್ನ ಕಳಿಸೋಕೆ ಅವಸರನಾ ನಿಂಗೆ?"

"ನಿನ್ನ ಎದೇನ ಕೇಳು ಅಂದಿದ್ದೆಯಲ್ಲ. ಅದಕ್ಕೆ ಕೇಳ್ದೆ."

ಅತ್ತೆ ಎದ್ದು, ಖಾಲಿ ಬಕೆಟ್ಟು ತೆಗೆದುಕೊಂಡು ಹೊರಗೆ ಹೋದಳು. ಬಾವಿ ಇಳಿಜಾರಿನ ಬುಡದಲ್ಲಿ. ಮಾವ ಕಿಟಕಿಯ ಹಿಮ ಉಗುರಿನಿಂದ ಕೆರೆದು ನೋಡಿದ, ನಾನೂ ನೋಡಿದೆ. ಅವಳು ತುಂಬಿದ ಬಕೆಟ್ಟು ಹೊತ್ತು ಹತ್ತತೊಡಗಿದಳು. ನಡುದಾರಿಯಲ್ಲಿ ಒಮ್ಮೆ ನಿಂತಳು. ಮಾವ ಹಣೆಯನ್ನು ಗಾಜಿಗೆ ಒತ್ತಿದ. ಅವಳು ನಿಂತದ್ದು ಪಕ್ಕದ ಮನೆಯವಳಿಗೆ ಏನೋ ಕೂಗಿ ಹೇಳಲು. ಬಕೆಟ್ಟು ನೆಲಕ್ಕೆ ಮುಟ್ಟಿರಲಿಲ್ಲ. ಕೂಗಿದ್ದಕ್ಕೆ ಕೆಮ್ಮೂ ಬರಲಿಲ್ಲ. ಒಳಗೆ ಬಂದು ಬಕೆಟ್ಟು ಕುಕ್ಕಿ, ಕೆಟಲ್ಲು ತುಂಬಿದಳು.

"ಲವೀನಿಯಾಗೆ ಒಂದು ಡಬ್ಬಿ ಹಣ್ಣಿನ ಜಾಮು ಕಳಿಸ್ಬೇಕು. ಹೋಗಿ ಹಡಗಿನವರ ಕೈಗೆ ಕೊಟ್ಟು ಬಾ, ಅಜರಾಯ. ಈ ವರ್ಷ ಅವಳಕ್ಕನ ಬದಲು ಜಾಮು ಬರುತ್ತೆ ಅಂತ ಹೇಳಿ ಕಳಿಸು."

ಮಾವ ಟೋಪಿ ಕೂಡ ಹಾಕಿಕೊಳ್ಳದೆ ಹೊರಟ. ನಾನು ಹಿಂದಿನಿಂದ ಬಂದು ಸೇರುವಷ್ಟರಲ್ಲಿ ಹಡಗುಕಟ್ಟೆಯ ಮೇಲೆ ಗಾರ್ಲ್ಯಾಂಡ್‌ನನ್ನೂ ಹಡಗಿನ ಇಬ್ಬರು ಆಳುಗಳನ್ನೂ ನಿಲ್ಲಿಸಿಕೊಂಡು, ಬಾಯಲ್ಲಿ ಮೊಳೆಯಿಲ್ಲದೆ, ಕೈ ಬೀಸಿ ಬೀಸಿ ಹೇಳುತ್ತಿದ್ದ:

"ದೋಣಿ ಬೇರೆ, ಮನೆ ಬೇರೆ, ಮಕ್ಕಳಾ. ದೋಣಿ ಕಟ್ಟಿ ಕಟ್ಟಿ ಕೈ ಪಳಗಿದವನಿಗೇ ಅದು ಗೊತ್ತಾಗೋದು. ಗೋಡೆಗೆ ಉಸಿರು ಬೇಕು ಅಂತ ನಾನು ಮೊದಲಿಂದ ಹೇಳ್ತಾನೇ ಬಂದಿದ್ದೀನಿ."

ಗಾರ್ಲ್ಯಾಂಡ್ ನನ್ನ ಮುಖ ನೋಡಿದ. ನಾನು ಸಮುದ್ರದ ಕಡೆ ನೋಡಿದೆ. ಜಾಮಿನ ಡಬ್ಬಿ ಇನ್ನೂ ಮಾವನ ಕೈಯಲ್ಲೇ ಇತ್ತು. ಹಡಗು ಹಗ್ಗ ಬಿಚ್ಚುತ್ತಿತ್ತು.